ಲಕೋಟೆಯಲ್ಲಿ ಏಳು ಭತ್ತದ ಕಾಳು

ಕಪಾಟಿನ ಮೇಲಿನ ಅರೆಯಲ್ಲಿ ನನ್ನ ಗಂಡನ ನಾಲ್ಕು ಅಂಗಿಗಳಿದ್ದವು. ರಜೆ ಮುಗಿಸಿ ಹೊರಡುವ ಹಿಂದಿನ ದಿನ ಅವರೇ ಇಸ್ತ್ರಿ ಹಾಕಿ ಮಡಚಿಟ್ಟದ್ದು. ಕುವೈತಿನ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಅವರಿಗೆ ಕೆಲಸ. ಅಲ್ಲಿಯ ಮಡಿಕೆಯೇ ಬೇರೆ. ತೋಳೆರಡೂ ಬೆನ್ನ ಹಿಂದೆ ಕೈಕಟ್ಟಿಕೊಂಡಂತೆ ಹೋಗುತ್ತವೆ. ಕಾಲರಿನೊಳಗೆ ರಟ್ಟಿನ ಪಟ್ಟಿಯೊಂದು ನೆಟ್ಟಗೆ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಯಾರೋ ಉಸಿರು ಬಿಗಿಹಿಡಿದು ಮಲಗಿದ ಹಾಗೆ ಕಾಣುತ್ತದೆ. ಆ ಮಡಿಕೆ ನನ್ನ ಕೈಗೆ ಯಾವತ್ತೂ ಬರಲಿಲ್ಲ. ಹಾಗಾಗಿ ನಾನು ಅವನ್ನು ಮುಟ್ಟುತ್ತಿರಲಿಲ್ಲ. ಮಳೆಗಾಲದಲ್ಲಿ ಮುಗ್ಗಲು ಹಿಡಿಯದಿರಲಿ ಎಂದು ಕಪಾಟಿನ ಬಾಗಿಲು ತೆರೆದು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಮತ್ತೆ ಮುಚ್ಚುತ್ತಿದ್ದೆ.

ತೊಂಬತ್ತನೇ ಇಸವಿಯ ಆಗಸ್ಟಿನ ಆರಂಭದಲ್ಲಿ ಒಂದು ಬೆಳಿಗ್ಗೆ ಹಾಗೆ ಬಾಗಿಲು ತೆರೆದು ನಿಂತಿದ್ದಾಗಲೇ ರೇಡಿಯೋದಲ್ಲಿ ಆ ಸುದ್ದಿ ಬಂತು. ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿದೆ. ಅತ್ತೆ ಅಂಗಳದ ಜಗಲಿಚಿಟ್ಟೆಯ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದರು. "ಎಂತ ಹೇಳಿದ ಅವ?" ಎಂದು ಕೇಳಿದರು. ಮನೆಯಲ್ಲಿ ನಾವಾಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಹೇಳಿದೆ. ಅವರು ಸುಲಿದ ಬೀಜಗಳನ್ನೂ ಸುಲಿಯದವನ್ನೂ ಒಂದೇ ಪಾತ್ರೆಗೆ ಹಾಕುತ್ತಾ ಹೋದರು. ಮಧ್ಯಾಹ್ನದ ಸಾರಿನಲ್ಲಿ ಸಿಪ್ಪೆ ಸಿಕ್ಕಿತು. ಇಬ್ಬರೂ ಅದನ್ನು ಬಾಳೆಲೆಯ ಅಂಚಿಗೆ ಸರಿಸಿದೆವು.

ಅಲ್ಲಿಂದ ಕಾಗದ ಬರುವುದು ನಿಂತಿತು. ಫೋನು ಇದ್ದವರ ಮನೆಗೂ ಫೋನು ಬರಲಿಲ್ಲ. ದಿನಗಳು ಒದ್ದೆ ಬಟ್ಟೆಯ ಹಾಗೆ ತಂತಿಯ ಮೇಲೆ ಜೋತು ಬಿದ್ದಿದ್ದವು, ಒಣಗುತ್ತಿರಲಿಲ್ಲ.

ಬೇಲಿಯಾಚೆಯ ಮನೆಯ ಅಕ್ಕನ ಮಗನೂ ಅಲ್ಲೇ ಡ್ರೈವರ್ ಆಗಿದ್ದ. ಆಕೆ ತುಳುವಿನಲ್ಲಿ ಅಳುವ, ಕನ್ನಡದಲ್ಲಿ ಜಗಳಾಡುವ ಹೆಂಗಸು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಒಂದು ದಿನ ಬೇಲಿಯ ಮೇಲೆ ಕೈಯಿಟ್ಟು ಹೇಳಿದರು: "ಬಾಯಮ್ಮ, ವಿದ್ಯಾನಗರದ ಕಲೆಕ್ಟರ ಆಫೀಸಿನಲ್ಲಿ ಕುವೈತಿನಲ್ಲಿ ಇರುವವರ ಪಟ್ಟಿ ಮಾಡ್ತಾರಂತೆ. ಪಟ್ಟಿಯಲ್ಲಿ ಇದ್ದವರನ್ನೇ ವಿಮಾನ ಹತ್ತಿಸುವುದಂತೆ. ನನ್ನ ಮಗನ ಹೆಸರು ಹಾಕಿಸಿ ಬಂದೆ. ನೀವು ಎಂತ, ಕೂತು ಜಪ ಮಾಡುವುದು ಮಾತ್ರವಾ?"

ಮರುದಿನವೇ ಹೊರಟೆ. ನಮ್ಮ ಊರು ಮಂಗಳೂರಿಗೆ ಹತ್ತಿರವಾದರೂ ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಕಾಸರಗೋಡಿಗೆ ಒಂದು ಬಸ್ಸು, ಅಲ್ಲಿಂದ ವಿದ್ಯಾನಗರಕ್ಕೆ ಇನ್ನೊಂದು. ಗಂಡನ ಪಾಸ್‌ಪೋರ್ಟಿನ ಝೆರಾಕ್ಸನ್ನು ಜಪಪುಸ್ತಕದೊಳಗಿಟ್ಟು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದ್ದೆ. ಬಸ್ಸಿನ ಟಾರ್ಪಾಲು ಪರದೆಯ ಸಂದಿಯಿಂದ ಸಮುದ್ರ ಆಗಾಗ ಇಣುಕಿ ನೋಡುತ್ತಿತ್ತು. ಇದೇ ನೀರಿನ ಆ ಬದಿಯಲ್ಲಿ ಅವರಿದ್ದಾರೆ ಎನ್ನಿಸಿತು. ಮಧ್ಯೆ ಒಂದು ಗೋಡೆಯೂ ಇಲ್ಲ.

ಆಫೀಸಿನ ಮೇಜಿನ ಹಿಂದೆ ಒಬ್ಬ ಮಲಯಾಳಿ ಕ್ಲಾರ್ಕು, ನನ್ನ ತಮ್ಮನ ಪ್ರಾಯದವರು. ಪೆನ್ನನ್ನು ಯಾರೂ ಒಯ್ಯದಂತೆ ನೂಲಿನಿಂದ ರಿಜಿಸ್ಟರಿಗೆ ಕಟ್ಟಿದ್ದರು. ಝೆರಾಕ್ಸನ್ನು ತಿರುಗಿಸಿ ಕಡೆಯ ಪುಟ ನೋಡಿ ಅವರ ಪೆನ್ನು ನಿಂತಿತು.

"ಚೇಚಿ, ಇದು ಮಂಗಳೂರಿನ ವಿಳಾಸ ಅಲ್ವಾ?"

"ಹೌದು. ಆದರೆ ಮನೆ ಕುಂಜತ್ತೂರಿನಲ್ಲಿ ಉಂಟು. ಮದುವೆಯಾದ ಲಾಗಾಯ್ತು ಇಲ್ಲೇ."

"ಪಾಸ್‌ಪೋರ್ಟಿನಲ್ಲಿ ಇರುವ ವಿಳಾಸದ ಪ್ರಕಾರ ಪಟ್ಟಿ. ಇದು ಕರ್ನಾಟಕದವರ ಲೆಕ್ಕ. ನೀವು ಆಚೆ ಕೇಳಬೇಕು." ಅವರು ಒರಟಾಗಿ ಹೇಳಲಿಲ್ಲ. ನನ್ನ ಕೊಡೆಯಿಂದ ನೀರಿಳಿಯುವುದನ್ನು ನೋಡಿ ಕುರ್ಚಿಯೊಂದನ್ನು ಈಚೆ ಎಳೆದು, "ಕೂತು ಹೋಗಿ" ಎಂದರು.

ಮಂಗಳೂರಿನಲ್ಲಿರುವ ನನ್ನ ಗಂಡನ ಅಕ್ಕ ಅಲ್ಲಿಯ ಆಫೀಸಿಗೆ ಹೋದರು. ಸಂಜೆಯ ಬಸ್ಸಿಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳತೊಡಗಿದರು. "ಅಲ್ಲಿಯ ಕ್ಲಾರ್ಕು ಎಲ್ಲ ಬರೆದುಕೊಂಡ. ಕಡೆಗೆ ಕೇಳಿದ, ಹೆಂಡತಿ, ತಾಯಿ, ಮಗಳು ಎಲ್ಲಿರುವುದು ಎಂದು. ಕುಂಜತ್ತೂರು ಅಂದೆ. ಅದು ಆಚೆ ಅಲ್ವಾ ಬಾಯಮ್ಮ, ಕೇರಳದವರು ಮಾಡುತ್ತಾರೆ ಅಂತ ಬರೆದದ್ದನ್ನು ಹೊಡೆದು ಹಾಕಿದ. ನನ್ನ ಕಣ್ಣೆದುರೇ ತಮ್ಮನ ಹೆಸರಿನ ಮೇಲೆ ಗೀಟು ಎಳೆದ."

ಅತ್ತೆ ಚಾ ಸೋಸುತ್ತಿದ್ದರು. "ಕುವೈತಿಗೆ ಕಳಿಸಿದ ಆ ಏಜೆಂಟನ ಕೆಲಸ," ಎಂದರು. "ಮಂಗಳೂರಿನ ವಿಳಾಸ ಹಾಕಿದವನ ಕೈ ಸೇದಿಹೋಗಲಿ."

ನಾನು ಸಕ್ಕರೆ ಡಬ್ಬಿಯ ಮುಚ್ಚಳ ತೆರೆಯುತ್ತಾ ಮುಚ್ಚುತ್ತಾ ನಿಂತೆ. ಆ ಕೈ ನನ್ನದೇ.

ಮದುವೆಯಾದ ಮರುವರ್ಷ ನನ್ನ ಗಂಡ ಪಾಸ್‌ಪೋರ್ಟಿನ ಅರ್ಜಿ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದರು. "ನಿನ್ನ ಅಕ್ಷರ ಚೆಂದ, ನೀನೇ ತುಂಬಿಸು" ಎಂದಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮ ಬೆರಳಿನ ಗಂಟಿಗೆ ಅಡಿಕೋಲು ತಾಗಿಸಿ ಕಲಿಸಿದ ಬರಹ. ಒಂದೊಂದು ಅಕ್ಷರವೂ ಪಕ್ಕದ್ದಕ್ಕೆ ಕೈಕೊಟ್ಟು ನಡೆಯುತ್ತದೆ. ಕುಂಜತ್ತೂರು ಎಂದು ಬರೆದರೆ ಕಾಗದಪತ್ರವೆಲ್ಲ ಕಲ್ಲಿಕೋಟೆಯಲ್ಲಿ ಆಗಬೇಕು. ಅಷ್ಟು ದೂರ, ಮಲಯಾಳ ಸರಿಯಾಗಿ ಬಾರದ ಇವರು ಒಬ್ಬರೇ ಹೇಗೆ ಹೋಗಿ ಬರುವುದು? ನಮಗೆ ಉಪ್ಪು ಮೆಣಸಿಗೆ ಮಂಗಳೂರು, ಡಾಕ್ಟರಿಗೆ ಮಂಗಳೂರು, ಮದುವೆಯ ಸೀರೆಗೆ ಮಂಗಳೂರು. ವಿಳಾಸಕ್ಕೂ ಮಂಗಳೂರೇ ಇರಲಿ ಎಂದು ಅವರ ಅಕ್ಕನ ಮನೆಯ ವಿಳಾಸ ಬರೆದೆ. ಗಡಿಯ ಈಚೆ ಅರ್ಧಕ್ಕರ್ಧ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು. ಅದು ಸುಳ್ಳು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನನಗೂ ಅನ್ನಿಸಲಿಲ್ಲ. ಶಾಯಿ ಒಣಗಲೆಂದು ಊದಿದ್ದು ಮಾತ್ರ ನೆನಪುಂಟು. ನಾನು ಈ ಕಡೆಯಿಂದ, ಅವರು ಎದುರಿನ ಕಡೆಯಿಂದ.

ಈಗ ಆ ಚೆಂದದ ಅಕ್ಷರಗಳ ನಡುವಿನ ಸಂದಿಯಲ್ಲಿ ಅವರು ಎಲ್ಲೋ ಬಿದ್ದುಹೋಗಿದ್ದರು.

ಬೇಲಿಯಾಚೆಯ ಅಕ್ಕನೇ ಮತ್ತೆ ದಾರಿ ಹೇಳಿದ್ದು. ನಮ್ಮ ಕಡೆಯ ಪಾರ್ಲಿಮೆಂಟು ಸದಸ್ಯರು ಆ ಭಾನುವಾರ ಶಾಲೆಯ ಹಾಲಿಗೆ ಬರುತ್ತಾರೆ, ಕುವೈತಿನವರ ಮನೆಯವರೆಲ್ಲ ಸೇರಬೇಕೆಂದು ಹೇಳಿಕಳುಹಿಸಿದ್ದಾರೆ ಎಂದರು. ಶನಿವಾರವಿಡೀ ಕೂತು ನಾನು ಇಂಗ್ಲಿಷಿನಲ್ಲಿ ಮನವಿ ಬರೆದೆ. ಗೌರವಾನ್ವಿತರೇ ಎಂಬಲ್ಲಿಂದ ತಮ್ಮ ವಿಧೇಯಳು ಎಂಬಲ್ಲಿಯವರೆಗೆ ಒಂದು ಚಿತ್ತೂ ಇರಲಿಲ್ಲ. 'ವಿಳಾಸವನ್ನು ಅನುಕೂಲಕ್ಕಾಗಿ ನೀಡಲಾಗಿತ್ತು' ಎಂಬ ಸಾಲೂ ಇತ್ತು. ಯಾರು ನೀಡಿದ್ದು ಎಂದು ಮಾತ್ರ ಅದರಲ್ಲಿ ಇರಲಿಲ್ಲ.

ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಅತ್ತೆಯೂ ನಾನೂ ಹೋದಾಗ ಶಾಲೆಯ ಹಾಲು ಜನರಿಂದ ತುಂಬಿತ್ತು. ಕಿಟಕಿಗಳಲ್ಲಿ ಒದ್ದೆ ಕೊಡೆಗಳು ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಪೈವಳಿಕೆಯಿಂದ, ಇನ್ನೂ ಒಳಗಿನ ಊರುಗಳಿಂದ ಬಂದವರಿದ್ದರು. ಬುರ್ಖಾ ಹಾಕಿದವರು, ಕುಂಕುಮ ಇಟ್ಟವರು, ನನ್ನ ಹಾಗೆ ತಲೆಗೆ ಸೆರಗು ಹೊದ್ದವರು, ಎಲ್ಲರ ಕೈಯಲ್ಲೂ ಒಂದೊಂದು ಝೆರಾಕ್ಸು. ಸದಸ್ಯರು ಒಂದನೇ ಕ್ಲಾಸಿನ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕೂತಿದ್ದರು. ಅವರಿಗೆ ವಿಪರೀತ ಶೀತ. ಕರವಸ್ತ್ರ ಒದ್ದೆಯಾಗಿ, ಯಾರೋ ಕೊಟ್ಟ ಇನ್ನೊಂದು ಕರವಸ್ತ್ರವೂ ಒದ್ದೆಯಾಗುತ್ತಿತ್ತು.

ನನ್ನ ಮನವಿಯನ್ನು ಕಡೆಯವರೆಗೂ ಓದಿದರು. "ಅಕ್ಷರ ಅಚ್ಚು ಹಾಕಿದ ಹಾಗೆ ಉಂಟು ತಂಗೀ," ಎಂದರು. "ಆದರೆ ಇದು ದಿಲ್ಲಿಗೆ ಹೋಗಿ ಫೈಲಿನಲ್ಲಿ ನಿದ್ದೆ ಮಾಡ್ತದೆ. ಬಾಯಿಯಲ್ಲಿ ಹೇಳಿ ನೋಡುವ. ಎಂತ ಕಷ್ಟ?"

ಹಿಂದಿನಿಂದ ಬೇಲಿಯಾಚೆಯ ಅಕ್ಕ ಬೆನ್ನಿಗೆ ತಿವಿದರು. "ಹೇಳಿ ಮಾರಾಯ್ರೆ, ಅವರೆಂತ ನುಂಗ್ತಾರಾ?"

"ಎರಡೂ ಕಡೆಯವರು ಅವರನ್ನು ಆಚೆಯವರು ಅಂತಾರೆ," ಎಂದೆ. "ಈಚೆಯವರು ಅಂತ ಹೇಳುವವರು ಯಾರೂ ಇಲ್ಲ."

ಮೂಗೊರೆಸಿಕೊಳ್ಳುತ್ತಿದ್ದ ಸದಸ್ಯರ ಕೈ ಹಾಗೆಯೇ ನಿಂತಿತು. ನನ್ನ ಮನವಿಯನ್ನು ತಿರುಗಿಸಿ ಹಿಂಬದಿಯಲ್ಲಿ ಅದನ್ನು ಬರೆದುಕೊಂಡರು. ಅವರ ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಬರೆಯುತ್ತಲೇ, ತಲೆಯೆತ್ತದೆ ಕೇಳಿದರು: "ಅರ್ಜಿಯಲ್ಲಿ ಮಂಗಳೂರು ಅಂತ ಹಾಕಿದ್ದು ಯಾರು? ಅಲ್ಲಿ ಎದ್ದು ಹೇಳುವವ ನಾನು. ಏಜೆಂಟರ ಮೋಸ ಅಂದು ಆಮೇಲೆ ಅಲ್ಲ ಅಂತಾದರೆ ನಗುತ್ತಾರೆ."

ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಅವರ ಉಸಿರಿನಲ್ಲಿ ಬೆಳಗಿನ ಶುಂಠಿಯ ವಾಸನೆ ಇತ್ತು.

"ನಾನು," ಎಂದೆ. "ನಾನೇ ಬರೆದದ್ದು. ಕಲ್ಲಿಕೋಟೆ ದೂರ ಅಂತ."

ಸದಸ್ಯರು ತಲೆಯಾಡಿಸಿದರು. "ಇಲ್ಲಿ ಎಷ್ಟು ಜನ ಹೀಗೆ?" ಎಂದು ಹಾಲಿನ ಕಡೆ ನೋಡಿ ಕೇಳಿದರು. ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಕಿಟಕಿಯ ಬಳಿ ಒಂದು ಕೈ ಎದ್ದಿತು. ಬುರ್ಖಾದೊಳಗಿನಿಂದ ಒಂದು. ಮತ್ತೆ ಬಾಗಿಲ ಬಳಿ. ಪಾಠ ಗೊತ್ತಿದೆ ಎಂದು ಹೇಳುವ ಮಕ್ಕಳ ಹಾಗೆ, ನಾಚಿಕೊಂಡು, ಅರ್ಧ ಎತ್ತಿದ ಕೈಗಳು. ಹಾಲಿನ ಮಬ್ಬು ಬೆಳಕಿನಲ್ಲಿ ಅವು ನೀರಿನಿಂದ ಮೇಲೆ ಬರುತ್ತಿರುವಂತೆ ಕಂಡವು.

ಮನೆಗೆ ನಡೆಯುವಾಗ ಅತ್ತೆ ಮುಂದೆ, ನಾನು ಹಿಂದೆ. ಗದ್ದೆಬದುವಿನ ಹುಣಿಯಲ್ಲಿ ಇಬ್ಬರಿಗೆ ಜೊತೆಯಾಗಿ ನಡೆಯಲು ಜಾಗವಿಲ್ಲ. ಭತ್ತ ಹೊಡೆ ತುಂಬಿ ನಿಂತಿತ್ತು. ಕೈ ಸೇದಿಹೋಗಲಿ ಎಂಬ ಮಾತು ನಮ್ಮಿಬ್ಬರ ನಡುವೆ ಮೂರನೆಯವರಂತೆ ನಡೆದು ಬರುತ್ತಿತ್ತು. ತೋಡಿನ ನೀರು ದಾಟುವ ಕಾಲುಸಂಕದ ಬಳಿ ಅತ್ತೆ ನಿಂತು ಹಿಂದೆ ಕೈ ಚಾಚಿದರು. ಅಡಿಕೆಮರದ ಸಂಕ ಜಾರುತ್ತಿತ್ತು.

"ಕೊಡು ಕೈ," ಎಂದರು. ಹಿಡಿದುಕೊಂಡ ಮೇಲೆ ಬಿಡದೆ, ಬೆರಳುಗಳನ್ನು ನೋಡಿದರು. "ಹೆಣ್ಣು ನೋಡಲು ಬಂದಾಗ ನಿನ್ನ ಅಪ್ಪ ನಿನ್ನ ನೋಟುಬುಕ್ಕು ತೋರಿಸಿದ್ದರು. ಅದನ್ನು ಕಂಡೇ ನನ್ನ ಮಗ ಮರುಳಾದದ್ದು. ಮುಖ ಆಮೇಲೆ ನೋಡಿದ." ಸಂಕ ದಾಟಿಸುತ್ತಾ, "ಆ ಮಾತು ನಾನು ವಾಪಸು ತಗೊಂಡೆ. ದೇವರು ಕೇಳಿಸಿಕೊಳ್ಳಲಿ, ಅವನಿಗೆ ಕಿವಿ ಉಂಟಲ್ಲ," ಎಂದರು.

ಸೆಪ್ಟೆಂಬರಿನಲ್ಲಿ ಬರುವ, ಮರಿಯಮ್ಮನ ಹುಟ್ಟುದಿನದ ತೆನೆ ಹಬ್ಬಕ್ಕೆ ಒಂಬತ್ತು ದಿನಗಳ ಪ್ರಾರ್ಥನೆ ಶುರುವಾಯಿತು. ಆರು ವರ್ಷದ ಮಗಳು ದಿನಾ ಬೆಳಿಗ್ಗೆ ದಾಸವಾಳ, ಗೋರಟೆ, ಬೇಲಿಯ ಕಾಡುಹೂ ಎಲ್ಲ ಕೊಯ್ದು ಚಿಕ್ಕ ಬುಟ್ಟಿ ತುಂಬಿಸಿ ಇಗರ್ಜಿಗೆ ಒಯ್ಯುತ್ತಿದ್ದಳು. ಬಾಲೆ ಮರಿಯಮ್ಮನ ಮೂರ್ತಿಯ ಮೇಲೆ ಮಕ್ಕಳೆಲ್ಲ ಹೂವೆಸೆಯುವಾಗ ಅವಳು ಪ್ರತಿಸಲವೂ ಒಂದು ಹೂವು ಉಳಿಸಿಕೊಂಡು ಬರುತ್ತಿದ್ದಳು. ಅಪ್ಪನದು ಎನ್ನುತ್ತಿದ್ದಳು. ಅಂಗಿಗಳ ಕಪಾಟಿನ ಕೆಳಗೆ ಒಣಹೂವಿನ ಸಾಲು ಬೆಳೆಯಿತು.

ಅಂಥ ಒಂದು ಬೆಳಿಗ್ಗೆ, ದಿಲ್ಲಿಯಿಂದ ಬರುವ ಕನ್ನಡ ವಾರ್ತೆಯ ಮಧ್ಯೆ, ನಾನು ಮಗಳಿಗೆ ಜಡೆ ಹೆಣೆಯುತ್ತಿದ್ದಾಗ, ವಾರ್ತೆ ಓದುವವರು ಹೇಳಿದರು: ಕುವೈತಿನಲ್ಲಿ ಸಿಕ್ಕಿಬಿದ್ದಿರುವ ಗಡಿನಾಡಿನವರ ವಿಷಯವನ್ನು ಸದಸ್ಯರೊಬ್ಬರು ಲೋಕಸಭೆಯಲ್ಲಿ ಎತ್ತಿದರು. ಮನೆ ಒಂದು ರಾಜ್ಯದಲ್ಲಿ, ದಾಖಲೆ ಇನ್ನೊಂದು ರಾಜ್ಯದಲ್ಲಿ ಇರುವವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಎಂದು ಅವರು ತಿಳಿಸಿದರು. ಪರಿಶೀಲಿಸುವುದಾಗಿ ವಿದೇಶಾಂಗ ಮಂತ್ರಿಗಳು ಭರವಸೆ ನೀಡಿದರು. ಆಮೇಲೆ ಹವಾಮಾನ.

ಮುಗಿಯಿತು. ಜಡೆಯ ಮೂರು ಕಾಲುಗಳನ್ನೂ ನಾನು ಕೈಯಲ್ಲಿ ಹಿಡಿದೇ ಇದ್ದೆ. ನಮ್ಮ ಅಡುಗೆಮನೆಯ ಮೇಜು, ಒಣಗುತ್ತಿದ್ದ ಶಾಯಿ, ಅರ್ಧ ಎತ್ತಿದ ಆ ಕೈಗಳು ಅಷ್ಟು ದೂರದ ದೊಡ್ಡ ಮನೆಯೊಳಗೆ ಒಂದು ಕ್ಷಣ ಹೋಗಿ ನಿಂತು ಬಂದ ಹಾಗಾಯಿತು. ಬೇಲಿಯ ಕಡೆಯಿಂದ ಕೂಗು ಕೇಳಿತು: "ಬಾಯಮ್ಮಾ, ಕೇಳಿದ್ರಾ? ಶೀತ ಬಿಟ್ಟಿರಬೇಕು ಅವರಿಗೆ!"

ಆದರೆ ಹಬ್ಬ ಬಂದರೂ ನನ್ನ ಗಂಡನ ಸುದ್ದಿ ಬರಲಿಲ್ಲ.

ನಮ್ಮಲ್ಲಿ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು ಪುಡಿಮಾಡಿ, ಬೆಲ್ಲ ಬೆರೆಸಿದ ತೆಂಗಿನ ಹಾಲಿಗೆ ಹಾಕಿ ಮನೆಯ ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಯಾರು ದೂರದಲ್ಲಿದ್ದಾರೋ ಅವರ ಪಾಲು ಲಕೋಟೆಯಲ್ಲಿ ಹೋಗುತ್ತದೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಏಳು ಕಾಳು. ಪ್ರತಿವರ್ಷ ಕುವೈತಿಗೆ ಹೋಗುವ ಕಾಗದದ ಮಡಿಕೆಯಲ್ಲಿ ಏಳು ಕಾಳು ಇಟ್ಟು ಅಂಟಿಸುತ್ತಿದ್ದೆ. ಮುಟ್ಟಿದರೆ ಲಕೋಟೆಯ ಮೇಲಿನಿಂದಲೇ ಬೆರಳಿಗೆ ಸಿಗುತ್ತಿದ್ದವು. ಆ ವರ್ಷ ಅಂಚೆಯವರು ಆ ದೇಶಕ್ಕೆ ಈಗ ಕಾಗದ ತೆಗೆದುಕೊಳ್ಳುವುದಿಲ್ಲ ಎಂದರು.

ಅತ್ತೆ ಮಗನ ಏಳು ಕಾಳನ್ನು ಸಣ್ಣ ಕುಪ್ಪಿಗೆ ಹಾಕಿ ಮರಿಯಮ್ಮನ ಪಟದ ಹಿಂದೆ ಇಟ್ಟರು. ಮತ್ತೆ ಏಳು ಎಣಿಸಿ ನನ್ನ ಅಂಗೈಗೆ ಸುರಿದರು.

"ಇದು ಯಾರಿಗೆ?"

"ದಿಲ್ಲಿಯಲ್ಲಿ ನಮ್ಮ ಮನೆಯ ಮಾತು ಹೇಳಿದನಲ್ಲ, ಅವನಿಗೆ. ಅವನೂ ಮನೆಯಿಂದ ದೂರ ಇರುವವನೇ. ಕಳಿಸು."

ಕೃತಜ್ಞತೆಯ ಎರಡು ಸಾಲು ಬರೆದು, ಕಾಳುಗಳನ್ನು ಮಡಿಕೆಯಲ್ಲಿಟ್ಟು ದಿಲ್ಲಿಗೆ ಹಾಕಿದೆ. ವಿವರಿಸಿ ಬರೆಯಬೇಕು ಎಂದು ಹೊಳೆಯಲೇ ಇಲ್ಲ. ಲಕೋಟೆಯೊಳಗೆ ಭತ್ತ ಇದ್ದರೆ ಅದು ಏನೆಂದು ಗೊತ್ತಿಲ್ಲದ ಜನ ಲೋಕದಲ್ಲಿ ಇರಬಹುದೆಂದು ನನಗೆ ಅನ್ನಿಸಿರಲಿಲ್ಲ.

ನನ್ನ ಗಂಡ ಬಂದದ್ದು ಅದೇ ತಿಂಗಳ ಕಡೆಯಲ್ಲಿ, ಒಂದು ಮಧ್ಯಾಹ್ನ. ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಅಂಗಳದಲ್ಲಿ ಚಾಪೆಯ ಮೇಲೆ ಮೆಣಸು ಹರವುತ್ತಿದ್ದೆ. ಹುಣಿಯ ಮೇಲೆ ಯಾರೋ ನಡೆದು ಬರುವುದು ಕಂಡಿತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಬೇರೇನೂ ಇಲ್ಲ. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅಂಗಿ. ಅಷ್ಟು ಮುದುಡಿದ ಅಂಗಿ, ಕಾಲರು ಮಸಿಯಾಗಿ, ಒಂದು ಗುಂಡಿ ಇಲ್ಲದೆ. ಪಾಪ, ಯಾರ ಮನೆಯವರೋ ಅಂದುಕೊಂಡೆ. ಮುಖ ನೋಡಿದ್ದು ಆಮೇಲೆ.

ಅತ್ತೆ ಓಡಿಬಂದರು. ಮಗಳು ಗುರುತು ಸಿಗದೆ ನನ್ನ ಹಿಂದೆ ಅಡಗಿದಳು. ಅವರು ಕಾಲು ತೊಳೆದು ಒಳಗೆ ಬಂದು, ಕಪಾಟು ತೆರೆದು ಮೇಲಿನ ಅಂಗಿ ತೆಗೆದರು. ರಟ್ಟಿನ ಪಟ್ಟಿ ನೆಲಕ್ಕೆ ಬಿತ್ತು. ಮಡಿಕೆ ಬಿಚ್ಚುವಾಗ ಸಣ್ಣ ಶಬ್ದವಾಯಿತು, ಯಾರೋ ಹಿಡಿದ ಉಸಿರು ಬಿಟ್ಟ ಹಾಗೆ.

ಕುಪ್ಪಿಯ ಏಳು ಕಾಳನ್ನು ಹಾಲಿನಲ್ಲಿ ಕುಡಿದ ಮೇಲೆ ಮಾತು ಬಂತು. ಮರಳುಗಾಡಿನ ಬಸ್ಸು, ಡೇರೆ, ಸಾಲು, ವಿಮಾನ. ನನಗೆ ಬೇಕಾದದ್ದು ಒಂದೇ. "ಯಾವ ಪಟ್ಟಿಯಲ್ಲಿ ಹೆಸರಿತ್ತು?"

"ವಿಮಾನ ಹತ್ತುವಾಗ ಊರು ಯಾರೂ ಕೇಳಲಿಲ್ಲ. ಬೊಂಬಾಯಿಗೆ ಬಂದ ಮೇಲೆ ತಾಪತ್ರಯ," ಎಂದರು. "ಅಲ್ಲಿ ಊರಿಗೆ ಕಳಿಸಲು ಮೇಜು ಹಾಕಿದ್ದರು. ಒಂದರ ಮೇಲೆ ಮಲಯಾಳ ಬೋರ್ಡು, ಒಂದರ ಮೇಲೆ ಕನ್ನಡ. ಮಲಯಾಳದವ ಪಾಸ್‌ಪೋರ್ಟು ನೋಡಿ ಆಚೆ ಹೋಗಿ ಅಂದ. ಕನ್ನಡದವ ಎಲ್ಲಿ ಇಳಿಯುವುದು ಅಂತ ಕೇಳಿ, ಅದು ಆಚೆ ಅಂದ. ನಾನು ಎರಡು ಮೇಜಿನ ಮಧ್ಯೆ ನೆಲದಲ್ಲಿ ಕೂತುಬಿಟ್ಟೆ. ಆಗ ಕನ್ನಡದವ ಒಂದು ಕಾಗದ ಹುಡುಕಿ ತೆಗೆದ. ದಿಲ್ಲಿಯಿಂದ ಬಂದದ್ದಂತೆ. ಗಡಿಯವರನ್ನು ಯಾರು ಬೇಕಾದರೂ ಕರೆದೊಯ್ಯಬಹುದು, ಎಲ್ಲಿಯವರೆಂದು ಕೇಳುವುದು ಬೇಡ ಅಂತ. ಇಬ್ಬರೂ ಕರೆದರು ಮತ್ತೆ! ನಮ್ಮ ಬಸ್ಸಿಗೆ ಬನ್ನಿ, ನಮ್ಮದಕ್ಕೆ ಬನ್ನಿ ಅಂತ."

"ನೀವು ಯಾವುದು ಹತ್ತಿದಿರಿ?"

"ಕಿಟಕಿ ಸೀಟು ಯಾವುದರಲ್ಲಿ ಇತ್ತೋ ಅದು."

ಆ ಕಾಗದ ಸದಸ್ಯರ ಮಾತಿನಿಂದ ಬಂದದ್ದೋ, ತಾನಾಗಿಯೇ ಬಂದದ್ದೋ ನನಗೆ ಇವತ್ತಿಗೂ ತಿಳಿಯದು. ನಾನು ನಂಬಿದ್ದೇನೆ, ಅಷ್ಟೆ. ಬೇಲಿಯಾಚೆಯ ಅಕ್ಕನ ಮಗ ನಾಲ್ಕು ದಿನ ತಡವಾಗಿ ಬಂದ. 'ಪಟ್ಟಿಯಲ್ಲಿ ಮೊದಲು ಹೆಸರು ಹಾಕಿಸಿದ್ದು ನಾನಲ್ಲವಾ?' ಎಂದು ಆಕೆ ಬಹಳ ದಿನ ಸಿಟ್ಟಿನಲ್ಲಿದ್ದರು.

ನವೆಂಬರಿನಲ್ಲಿ ದಿಲ್ಲಿಯಿಂದ ಉದ್ದದ ಲಕೋಟೆ ಬಂತು. ಒಳಗೆ ಲೋಕಸಭೆಯ ಕಲಾಪದ ಒಂದು ಪುಟದ ಪ್ರತಿ, ಇಂಗ್ಲಿಷಿನಲ್ಲಿ. ಮಧ್ಯದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು. ನಾನು ಅತ್ತೆಗೆ ಕೊಂಕಣಿಯಲ್ಲಿ ಓದಿಹೇಳಿದೆ: 'ಎರಡೂ ಕಡೆಯವರು ಅವರನ್ನು ಆಚೆಯವರು ಎನ್ನುತ್ತಾರೆ, ಈಚೆಯವರು ಎಂದು ಹೇಳುವವರು ಯಾರೂ ಇಲ್ಲ ಎಂದು ಒಬ್ಬ ಗೃಹಿಣಿ ನನಗೆ ಹೇಳಿದರು.'

"ಇದು ನೀನು ಶಾಲೆಯಲ್ಲಿ ಹೇಳಿದ್ದೇ ಅಲ್ಲವಾ?" ಎಂದರು ಅತ್ತೆ. "ಇದನ್ನು ಕೇಳಲಿಕ್ಕೆ ಅಲ್ಲಿಯವರೆಗೆ ಹೋಗಬೇಕಿತ್ತಾ?"

ಜೊತೆಗೆ ಸದಸ್ಯರ ಕಚೇರಿಯವರು ಟೈಪು ಮಾಡಿದ ಕಾಗದವೂ ಇತ್ತು. ನೀವು ಕಳುಹಿಸಿದ ಭತ್ತದ ಮಾದರಿ ತಲುಪಿದೆ. ಬೆಳೆಗೆ ತಗಲಿದ ರೋಗದ ವಿವರ, ನಷ್ಟವಾದ ಗದ್ದೆಯ ವಿಸ್ತೀರ್ಣ ತಿಳಿಸಿದರೆ ಕೃಷಿ ಮಂತ್ರಿಗಳ ಗಮನಕ್ಕೆ ತರಲಾಗುವುದು.

ನನ್ನ ಗಂಡ ನಕ್ಕ ನಗುವಿಗೆ ಅಂಗಳದ ಕೋಳಿಗಳು ಚದುರಿದವು. ಕುವೈತಿನಿಂದ ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. "ಬರಿ, ಉತ್ತರ ಬರಿ," ಎಂದು ಎದುರಿನ ಸ್ಟೂಲು ಎಳೆದು ಕೂತರು.

ಅದೇ ಮೇಜು. ಬೆಳೆಗೆ ಏನೂ ಆಗಿಲ್ಲ, ದೇವರು ದೊಡ್ಡವನು ಎಂದು ಬರೆದೆ. ದೂರ ಇರುವವರ ಪಾಲಿನ ಕಾಳು ಅದು, ಹಾಲಿನಲ್ಲಿ ಹಾಕಿ ಕುಡಿಯಬೇಕು, ನನ್ನ ಗಂಡ ಕುಡಿದಾಯಿತು ಎಂದೂ ಬರೆದೆ. ಕೊನೆಗೆ ಬಲಬದಿಯ ಮೂಲೆಯಲ್ಲಿ ನಮ್ಮ ವಿಳಾಸ. ಪೆನ್ನು ಅಲ್ಲಿ ಒಂದು ಘಳಿಗೆ ತಡೆಯಿತು.

"ಅಕ್ಷರ ಚೆಂದ ಉಂಟು," ಎಂದರು ಅವರು, ಕಾಗದದ ಮೇಲೆ ಬಾಗಿ. "ಊರು ಯಾವುದು ಹಾಕಿದ್ದಿ, ಅದೊಂದು ಓದು ನೋಡುವ."

ನಾನು ಗಟ್ಟಿಯಾಗಿ ಓದಿದೆ. ಮನೆ, ಕುಂಜತ್ತೂರು, ಕಾಸರಗೋಡು ಜಿಲ್ಲೆ, ಕೇರಳ. ಅವರು ತಮ್ಮ ಕಡೆಯಿಂದ ಶಾಯಿಯ ಮೇಲೆ ಮೆಲ್ಲಗೆ ಊದಿದರು.